ದಳವಾಯಿ ಬದುಕಿದ್ದ ಹದಿಮೂರು ದಿನ

ಕಂಬಳಿ ನೇಯುವವರ ಮನೆಯಲ್ಲಿ ಬೆಕ್ಕು ಸಾಕುವುದು ಮುದ್ದಿಗಲ್ಲ. ಉಣ್ಣೆಯ ನೂಲು ಮಗ್ಗದ ಎಳೆತ ತಡೆಯಬೇಕಾದರೆ ಅದಕ್ಕೆ ಹುಣಸೆ ಬೀಜದ ಗಂಜಿ ಬಳಿಯಬೇಕು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಮಾಡುವ ಈ ಗಂಜಿ ಒಣಗಿದರೆ ನೂಲು ತಂತಿಯಂತೆ ಬಿಗಿಯಾಗುತ್ತದೆ. ಇಲಿಗೆ ಇದು ಹಬ್ಬದೂಟ. ವಾರಗಟ್ಟಲೆ ಹಿಂಜಿ, ನೂತು, ನೇಯ್ದ ಕಂಬಳಿಯನ್ನು ಒಂದು ಇಲಿ ಬೆಳಗಾಗುವುದರೊಳಗೆ ಜರಡಿ ಮಾಡಬಲ್ಲದು. ಆದ್ದರಿಂದ ಜವನಗೊಂಡನಹಳ್ಳಿಯ ಕುರುಬರ ಕೇರಿಯಲ್ಲಿ ಮಗ್ಗವಿರುವ ಮನೆಗಳಲ್ಲೆಲ್ಲ ಬೆಕ್ಕು ಇರುತ್ತದೆ. ಅದಕ್ಕೆ ಸಿಗುವ ಹಾಲು ಕಡಿಮೆ, ಹೇಳುವ ಕೆಲಸ ಹೆಚ್ಚು.

ಸಿದ್ದಕ್ಕನ ಮನೆಯ ಬೆಕ್ಕು ಬೂದು ಬಣ್ಣದ್ದು, ಆರು ವರ್ಷದ್ದು. 1975ರ ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕು ದಿನ ಉಳಿದಿರುವಾಗ, ಊರ ಪಕ್ಕದ ಹೆದ್ದಾರಿಯಲ್ಲಿ ಶಿರಾ ಕಡೆಯಿಂದ ಬಂದ ಲಾರಿಗೆ ಸಿಕ್ಕಿ ಅದು ಸತ್ತಿತು. ಈದು ಐದು ದಿನವಾಗಿತ್ತು. ಮರಿಗಳನ್ನು ಎಲ್ಲಿಟ್ಟಿದೆ ಎಂಬುದು ಮನೆಯವರಿಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನವೇ ಸಿದ್ದಕ್ಕ ಹುಡುಕತೊಡಗಿದರು. ಕಣಜದ ಸಂದಿ, ಸೌದೆ ಒಟ್ಟಿದ ಮೂಲೆ, ಹಿತ್ತಲ ಬಣವೆ ಎಲ್ಲ ನೋಡಿದ್ದಾಯಿತು. ಮರುದಿನ ಬೆಳಿಗ್ಗೆ ಅಟ್ಟದ ಮೇಲಿನ ಉಣ್ಣೆ ಮೂಟೆಗಳ ಹಿಂದೆ ಮೂರು ಮರಿ ಸಿಕ್ಕವು. ಎರಡು ಸೆಟೆದುಕೊಂಡಿದ್ದವು. ಎಲ್ಲಕ್ಕಿಂತ ಸಣ್ಣದೊಂದು, ಕಿವಿಯ ಮೇಲೆ ಕೆಂಜಿಗ ಹರಿದಾಡುತ್ತಿದ್ದರೂ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅದರಿಂದ ಸದ್ದು ಬರುತ್ತಿರಲಿಲ್ಲ.

‘ಕದಿರಲ್ಲಿ ನೂಲು ಸುತ್ತಿದ ಉಂಡೆ ಇರ್ತದಲ್ಲ, ಅದಕ್ಕಿಂತ ಹಗುರ ಇತ್ತು’ ಎಂದು ಸಿದ್ದಕ್ಕ ನಾಲ್ಕು ವರ್ಷ ಕಳೆದರೂ ಅಂಗೈ ಚಾಚಿ ತೋರಿಸುತ್ತಾರೆ.

ಅವರಿಗೆ ಈಗ ಐವತ್ತಾರು. ಎತ್ತರದ ಹೆಂಗಸು, ಮಾತು ನಿಧಾನ. ಗಂಡ ಪಾಲಯ್ಯ ಮನೆಯ ನಡುವಿನ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಾರೆ. ಉಣ್ಣೆ ಹಿಂಜುವುದು, ನೂಲುವುದು, ಗಂಜಿ ಬಳಿಯುವುದು ಸಿದ್ದಕ್ಕನ ಪಾಲು. ಕುರಿ ಕಾಯುವುದು ಪಾಲಯ್ಯನ ತಮ್ಮ ಬೋರಣ್ಣನ ಪಾಲು. ಎಪ್ಪತ್ತು ಕುರಿಯ ಹಿಂಡು ಅವರದು. ಮಗಳನ್ನು ಹೊಸದುರ್ಗದ ಕಡೆಗೆ ಕೊಟ್ಟಿದ್ದಾರೆ. ಇಷ್ಟರ ಮಟ್ಟಿಗೆ ಈ ಮನೆಗೂ ಕೇರಿಯ ಉಳಿದ ಮನೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಸಿದ್ದಕ್ಕನ ಕೈಯಲ್ಲಿ.

ಹಿಂಡಿನಲ್ಲಿ ತಾಯಿ ಸತ್ತ ಮರಿ, ತಾಯಿ ಒದ್ದು ದೂರ ಮಾಡಿದ ಮರಿ, ಅವಳಿಯಲ್ಲಿ ಸೊರಗಿದ ಮರಿ, ಇಂಥವನ್ನು ಕುರಿಗಾರರು ಕಂಬಳಿಯ ಕೊಪ್ಪೆಯಲ್ಲಿ ಸುತ್ತಿ ಸಿದ್ದಕ್ಕನಿಗೆ ತಂದೊಪ್ಪಿಸುತ್ತಾರೆ. ಬೋರಣ್ಣನ ಹಿಂಡಿನವು ಮಾತ್ರವಲ್ಲ, ಸುತ್ತಲ ನಾಲ್ಕು ಹಟ್ಟಿಗಳ ಹಿಂಡಿನವೂ ಬರುತ್ತವೆ. ಅವರು ಅದನ್ನು ಮಡಿಲಲ್ಲಿ ನಿಲ್ಲಿಸಿಕೊಂಡು, ಗದ್ದಕ್ಕೆ ಎರಡು ಬೆರಳು ಕೊಟ್ಟು, ತಲೆಯನ್ನು ಮೇಲಕ್ಕೆತ್ತಿ, ಹಾಲಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ಬಾಯಿಗಿಡುತ್ತಾರೆ. ಕುರಿಮರಿ ತಾಯಿಯ ಕೆಚ್ಚಲಿಗೆ ಮುಖ ಎತ್ತಿಯೇ ಕುಡಿಯುವುದು. ಹತ್ತು ಹನ್ನೆರಡು ದಿನದಲ್ಲಿ ಮರಿ ಹಿಂಡಿಗೆ ಮರಳುತ್ತದೆ. ಸಿದ್ದಕ್ಕನ ಕೈಗುಣ ದೊಡ್ಡದು ಎಂಬ ಮಾತು ಹೀಗೆ ಹುಟ್ಟಿತು. ‘ಸಿದ್ದಕ್ಕನ ಮಡಿಲಿಗೆ ಬಿದ್ದ ಮರಿ ಸಾಯಲ್ಲ’ ಎಂದು ಜನ ಹೇಳುತ್ತಿದ್ದರು. ಅವರು ಅದನ್ನು ಒಪ್ಪುತ್ತಲೂ ಇರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ.

ಬೆಕ್ಕಿನ ಮರಿಯನ್ನು ಅಟ್ಟದಿಂದ ಇಳಿಸಿ ತಂದಾಗ ಪಾಲಯ್ಯ ಲಾಳಿ ಕೈಯಲ್ಲೇ ಹಿಡಿದು ಕತ್ತೆತ್ತಿ ನೋಡಿದರು.

‘ಏನದು, ಹೆಗ್ಗಣದ ಮರಿಯಾ?’

‘ಕಣ್ ಕಾಣ್ಸಲ್ವಾ ನಿಂಗೆ? ನಮ್ ಬೆಕ್ಕಿಂದು.’

‘ಅದಕ್ಕೂ ಕಣ್ ಕಾಣ್ಸಲ್ಲ, ಬಿಡು. ನಂಗೂ ಅದಕ್ಕೂ ಜೋಡಿ.’

ಸಿದ್ದಕ್ಕ ನಗಲಿಲ್ಲ. ಹಿಂಜಿದ ಉಣ್ಣೆಯನ್ನು ಬುಟ್ಟಿಯಲ್ಲಿ ಹರವಿ, ಹಳೆಯ ಕಂಬಳಿಯ ಅಂಗೈಯಗಲದ ತುಂಡೊಂದರಲ್ಲಿ ಮರಿಯನ್ನು ಸುತ್ತಿ, ಬುಟ್ಟಿಯನ್ನು ಒಲೆಯ ಮಗ್ಗುಲಿಗಿಟ್ಟರು. ತಣ್ಣಗಿರುವ ಮರಿಗೆ ಹಾಲು ಕೊಡಬಾರದು, ಮೊದಲು ಮೈ ಬಿಸಿಯಾಗಬೇಕು ಎಂಬುದು ಕುರಿಮರಿಗಳಿಂದ ಕಲಿತ ಪಾಠ. ಅದು ಇಲ್ಲೂ ಸರಿಹೊಂದಿತು. ಮರಿ ಸ್ವಲ್ಪ ಹೊತ್ತಿಗೆ ಕಾಲಾಡಿಸಿತು. ಬೋರಣ್ಣನ ರೊಪ್ಪದಿಂದ, ಅಂದರೆ ಮುಳ್ಳು ಬೇಲಿಯ ಕುರಿದೊಡ್ಡಿಯಿಂದ, ಒಂದು ಚಿಪ್ಪು ಕುರಿಯ ಹಾಲು ತರಿಸಿದರು. ಕುರಿಮರಿಗೆ ಹೆಬ್ಬೆರಳ ದಪ್ಪದ ಬತ್ತಿಯಾದರೆ ಇದಕ್ಕೆ ದೀಪದ ಬತ್ತಿಯಷ್ಟು ಸಣ್ಣದು. ಮೊದಲ ದಿನ ಇಳಿದ ಹಾಲು ಹೆಚ್ಚೆಂದರೆ ಎರಡು ಚಮಚ.

ಗೋಡೆಗೆ ಗೋಡೆ ತಾಗಿದಂತೆ ಪಕ್ಕದಲ್ಲಿ ದ್ಯಾಮಮ್ಮನ ಮನೆ. ಬೇಸಾಯದ ಕುಟುಂಬ, ಲಿಂಗಾಯತರು. ದ್ಯಾಮಮ್ಮ ಸಿದ್ದಕ್ಕನ ಓರಗೆಯವರು, ಎರಡೂ ಮನೆಯ ಸುದ್ದಿ ಅವರ ಬಾಯಲ್ಲಿ. ಮರಿಯ ಬಾಲದ ಕೆಳಗೆ ಸಿದ್ದಕ್ಕ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಕಂಡು ಅವರು ಹೊಸ್ತಿಲಲ್ಲೇ ನಿಂತರು.

‘ಅಯ್ಯ, ಬಾಣಂತನ ಮಾಡಾಕೆ ಹತ್ತಿದೀಯ! ಮೊಮ್ಮಗೂಗೆ ಹಿಂಗೆ ಮಾಡಿದ್ಯೋ ಇಲ್ವೋ ಕಾಣೆ.’

‘ತಾಯಿ ನೆಕ್ಕದಿದ್ರೆ ಮೂತ್ರ ಬರಲ್ಲ ಕಣೇ ಇವಕ್ಕೆ. ನಮ್ ಬೆಕ್ಕು ಮಾಡೋದ್ನ ನೋಡಿಲ್ವಾ ನಾನು?’

‘ನೆಕ್ಕೋದೊಂದು ಬಾಕಿ ಐತೆ ನೋಡು. ಅದ್ನೂ ಮಾಡಿಬಿಡು.’

ಇಷ್ಟು ಹೇಳಿ ಹೋದ ದ್ಯಾಮಮ್ಮ ಮರುದಿನ ಬಂದಾಗ ತಮ್ಮ ಮೊಮ್ಮಗನ ಹಳೆಯ ಕುಲಾವಿಯೊಂದನ್ನು ಸೆರಗಿನಲ್ಲಿ ಮುಚ್ಚಿ ತಂದಿದ್ದರು. ಬುಟ್ಟಿಯ ಮೇಲೆ ಗಾಳಿ ಬೀಳದಂತೆ ಹೊದಿಸಲು ಅದು ಸರಿಯಾಯಿತು.

ಹಗಲು ಎರಡು ಗಳಿಗೆಗೊಮ್ಮೆ, ಇರುಳು ಮೂರು ಸಲ ಹಾಲು. ಸಿದ್ದಕ್ಕ ಕದಿರು ತಿರುಗಿಸುತ್ತಲೇ ಬುಟ್ಟಿಯ ಮೇಲೆ ಕಣ್ಣಿಟ್ಟಿದ್ದರು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಬೀರಲು ದ್ಯಾಮಮ್ಮನ ಸೊಸೆ ಬಂದಾಗ ಮರಿಯ ಎಡಗಣ್ಣು ಒಂದು ಗೆರೆಯಷ್ಟು ಬಿರಿದಿತ್ತು. ಸಂಜೆಗೆ ಬಲಗಣ್ಣೂ ತೆರೆಯಿತು. ಹಾಲು ಕಂಡರೆ ಕುತ್ತಿಗೆ ನಿಮಿರಿಸುವುದನ್ನು ಅದು ಕಲಿತಿತ್ತು. ಸದ್ದೂ ಬಂದಿತ್ತು, ತುಕ್ಕು ಹಿಡಿದ ಬಾಗಿಲಿನ ತಿರುಗಣಿಯಂಥ ಸದ್ದು.

ಮರಿ ಹುಲ್ಲಿಗೆ ಬಾಯಿ ಹಾಕುವ ತನಕ ಅದಕ್ಕೆ ಹೆಸರಿಡಬಾರದು ಎಂಬುದು ಸಿದ್ದಕ್ಕನ ತವರಿನ ಕಟ್ಟಳೆ. ಹೆಸರಿಟ್ಟರೆ ಅದು ನಮ್ಮದಾಗುತ್ತದೆ, ನಮ್ಮದಾದದ್ದರ ಮೇಲೆ ದೃಷ್ಟಿ ಬೀಳುತ್ತದೆ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಮೂವತ್ತು ವರ್ಷದಲ್ಲಿ ಅವರು ಅದನ್ನು ಮೀರಿರಲಿಲ್ಲ. ಬೆಕ್ಕಿನ ಮರಿ ಹುಲ್ಲು ತಿನ್ನುವುದಿಲ್ಲವಾದ್ದರಿಂದ, ಅದು ಮೊದಲ ಇಲಿಗೆ ಬಾಯಿ ಹಾಕಿದ ದಿನ ಹೆಸರು ಎಂದು ತಾವೇ ಒಂದು ತಿದ್ದುಪಡಿ ಮಾಡಿಕೊಂಡಿದ್ದರು.

ಪಾಲಯ್ಯನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಹತ್ತನೆಯ ದಿನ ಮರಿ ಬುಟ್ಟಿಯ ಅಂಚಿಗೆ ಮುಂಗಾಲು ಹಾಕಿ ನಿಂತಿತು. ನೇಯ್ದ ಎಳೆಯನ್ನು ಒತ್ತುವ ಮಗ್ಗದ ಅಚ್ಚು ಬಡಿದಾಗಲೆಲ್ಲ ಅದರ ತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತಿತ್ತು. ಅವರು ಕೆಲಸ ನಿಲ್ಲಿಸಿ ಅದನ್ನೇ ನೋಡಿದರು.

‘ಲೇ ಸಿದ್ದಿ, ನೋಡಿಲ್ಲಿ. ಕೋಟೆ ಬುರುಜಿನ ಮ್ಯಾಲೆ ನಿಂತ್ಕಂಡು ದಂಡು ನೋಡ್ತಾ ಐತೆ. ದಳವಾಯಿ! ಏನ್ ದಳವಾಯಿಗಳೇ, ಇಲಿ ದಂಡು ಎಷ್ಟು ಬಂದೈತೆ?’

‘ಹೆಸ್ರಿಡಬ್ಯಾಡ.’

‘ಹೆಸ್ರೆಲ್ಲಿಟ್ಟೆ? ಹುದ್ದೆ ಕೊಟ್ಟೆ ಅಷ್ಟೆ.’

‘ಇಡಬ್ಯಾಡ ಅಂದ್ನಲ್ಲ!’

ಆದರೆ ಹೆಸರು ನಿಂತುಬಿಟ್ಟಿತು. ದ್ಯಾಮಮ್ಮನ ಮನೆಯಲ್ಲೂ ದಳವಾಯಿ, ಬೋರಣ್ಣನ ರೊಪ್ಪದಲ್ಲೂ ದಳವಾಯಿ. ಮರಿ ಬಲಿಯುತ್ತಿತ್ತು. ಹಸಿವೂ ಹೆಚ್ಚಿತು. ಸಣ್ಣ ಬತ್ತಿಯಲ್ಲಿ ಬರುವ ಹಾಲು ಸಾಲದೆ ಅದು ಬತ್ತಿಯನ್ನೇ ಜಗಿಯುತ್ತಿತ್ತು. ಹನ್ನೊಂದನೆಯ ದಿನ ಸಿದ್ದಕ್ಕ ಬತ್ತಿಯನ್ನು ದಪ್ಪ ಮಾಡಿದರು. ಹಾಲು ಸರಾಗವಾಗಿ ಇಳಿಯಿತು. ಅಂದು ಮಧ್ಯಾಹ್ನ ಕುಡಿದು ಮುಗಿಸಿದ ಮರಿ ಎರಡು ಸಲ ಸೀನಿತು, ಮೂಗಿನಲ್ಲಿ ಒಂದು ಹನಿ ಹಾಲು ಕಾಣಿಸಿತು. ಸಿದ್ದಕ್ಕ ಸೆರಗಿನಿಂದ ಒರೆಸಿದರು.

ಹನ್ನೆರಡನೆಯ ದಿನ ಅದು ಬುರುಜಿನ ಮೇಲೆ ನಿಲ್ಲಲಿಲ್ಲ. ಎದೆಯಲ್ಲಿ ಗೊರಗೊರ ಸದ್ದು. ಸಿದ್ದಕ್ಕ ಓಮದ ಶಾಖ ಕೊಟ್ಟರು, ಎದೆಗೆ ಬಿಸಿ ಎಣ್ಣೆ ಸವರಿದರು. ಹಾಲು ಬೇಡವೆಂದು ಮುಖ ತಿರುಗಿಸಿದಾಗ, ನಿಶ್ಶಕ್ತಿಯಾದೀತೆಂದು ಗದ್ದ ಹಿಡಿದು ಎತ್ತಿ ನಾಲ್ಕು ಹನಿ ಬಿಟ್ಟರು. ಹದಿಮೂರನೆಯ ದಿನ ಬೆಳಿಗ್ಗೆ, ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ, ಅದು ಅವರ ಮಡಿಲಲ್ಲೇ ತಣ್ಣಗಾಯಿತು.

ಪಾಲಯ್ಯ ಮಗ್ಗದಿಂದ ಎದ್ದು ಬಂದರು. ಸಿದ್ದಕ್ಕ ಮುಖ ಎತ್ತಲಿಲ್ಲ.

‘ಹೆಸ್ರಿಟ್ಟು ಕೊಂದೆಯಲ್ಲ’ ಎಂದರು.

ಪಾಲಯ್ಯ ಗುದ್ದಲಿ ತೆಗೆದುಕೊಂಡರು. ಹಿತ್ತಲಿನಾಚೆ, ನೂಲು ಹರವಿ ಗಂಜಿ ಬಳಿಯುವ ಬಯಲಿನಲ್ಲಿ, ಹೊಂಗೆ ಮರದ ಬುಡಕ್ಕೆ ಮೊಣಕಾಲುದ್ದದ ಗುಂಡಿ ತೆಗೆದರು. ನರಿ ನಾಯಿ ಕೆದರಬಾರದೆಂದು ಮೇಲೆ ಚಪ್ಪಡಿ ಕಲ್ಲು ಎಳೆದು ತಂದು ಹಾಕಿದರು. ಆ ಕಲ್ಲು ಇಬ್ಬರು ಹೊರುವಂಥದು ಎಂದು ದ್ಯಾಮಮ್ಮ ಹೇಳುತ್ತಾರೆ.

ಒಂದು ಬೆಕ್ಕಿನ ಮರಿ ಸತ್ತ ಸುದ್ದಿ ಕೇರಿಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಬಂದವರೆಲ್ಲ ಒಂದೇ ಮಾತು ಹೇಳಿದರು: ಅದರ ಆಯುಸ್ಸು ಅಷ್ಟೆ, ಬ್ರಹ್ಮ ಬರೆದದ್ದು ಅಷ್ಟೆ, ನೀನೇನು ಮಾಡೀಯ. ಒಳ್ಳೆಯ ಮನಸ್ಸಿನ ಮಾತುಗಳೇ. ಸಿದ್ದಕ್ಕ ತಲೆ ಅಲ್ಲಾಡಿಸಿ ಕೇಳಿಸಿಕೊಂಡರು. ಆದರೆ ಎಂಟು ದಿನದ ಮೇಲೆ ಬೋರಣ್ಣ ಒಂದು ಕುರಿಮರಿಯನ್ನು ಹೊತ್ತು ತಂದಾಗ ಅವರು ಕೈ ಚಾಚಲಿಲ್ಲ.

‘ಬ್ಯಾಡ ಬೋರಣ್ಣ. ತಗಂಡ್ ಹೋಗು.’

‘ಯಾಕತ್ತಿಗೆ? ಹುಷಾರಿಲ್ವಾ?’

‘ಕೈ ಕೆಟ್ಟೈತೆ ನಂದು.’

ಬೋರಣ್ಣ ತಮಾಷೆ ಎಂದುಕೊಂಡ. ‘ತೋರ್ಸು, ಹುಳುಕಡ್ಡಿ ಆಗೈತಾ?’ ಎಂದು ಕೇಳಿದ. ಸಿದ್ದಕ್ಕ ಒಳಗೆ ಹೋದರು. ಆ ಮರಿಯನ್ನು ಅದೇ ವಾರ ಮರಿ ಕಳೆದುಕೊಂಡಿದ್ದ ಇನ್ನೊಂದು ಕುರಿ ಒಪ್ಪಿಕೊಂಡು ಮೊಲೆ ಕೊಟ್ಟಿತು. ಅದು ಉಳಿಯಿತು. ಫೆಬ್ರುವರಿಯ ಕೊನೆಯಲ್ಲಿ ಪಕ್ಕದ ಹಟ್ಟಿಯ ಓಬಯ್ಯ ತಂದ ಮರಿಗೆ ಅಂಥ ಕುರಿ ಸಿಗಲಿಲ್ಲ. ಸಿದ್ದಕ್ಕ ಬೇಡವೆಂದ ಮೂರನೆಯ ದಿನ ಅದು ರೊಪ್ಪದಲ್ಲೇ ಸತ್ತಿತು. ಓಬಯ್ಯ ಬೈಯಲಿಲ್ಲ. ಆದರೆ ಬಾವಿಯ ಹತ್ತಿರ ಎದುರಾದಾಗ ಎಂದಿನಂತೆ ‘ಸಿದ್ದಕ್ಕ, ಉಂಡ್ಯಾ?’ ಎಂದು ಕೇಳಲಿಲ್ಲ.

ಮನೆಯಲ್ಲೂ ಮಾತು ಕಡಿಮೆಯಾಗಿತ್ತು. ಸಿದ್ದಕ್ಕ ಮುದ್ದೆಯ ತಟ್ಟೆಯನ್ನು ಮಗ್ಗದ ಪಕ್ಕಕ್ಕೆ ಇಟ್ಟು ಹೋಗುತ್ತಿದ್ದರು. ಪಾಲಯ್ಯ ಉಂಡು ತಟ್ಟೆ ತೊಳೆದಿಡುತ್ತಿದ್ದರು. ಬೆಕ್ಕಿಲ್ಲದ ಮನೆಯಲ್ಲಿ ಇಲಿಗಳು ಹೆಚ್ಚಿದ್ದವು. ನೇಯ್ದ ಕಂಬಳಿಗಳನ್ನು ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದ್ದರು. ಹೋಗಿ ಬರುವಾಗ ಅವು ತಲೆಗೆ ತಾಗುತ್ತಿದ್ದವು.

ಶಿವರಾತ್ರಿ ಕಳೆದ ವಾರ ದನದ ಆಸ್ಪತ್ರೆಯ ಕಾಂಪೌಂಡರ್ ಮುರುಗಪ್ಪ ಕುರಿಗಳಿಗೆ ಸೂಜಿ ಹಾಕಲು ಬಂದರು. ಭರಮಸಾಗರದವರು, ನಲವತ್ತರ ಆಸುಪಾಸು, ಸೈಕಲ್ಲಿನ ಹಿಂದೆ ಔಷಧಿಯ ಪೆಟ್ಟಿಗೆ. ಬೋರಣ್ಣನ ಹಿಂಡು ಮುಗಿಸಿ, ಕೈ ತೊಳೆದು, ಮಜ್ಜಿಗೆ ಕುಡಿಯಲು ಸಿದ್ದಕ್ಕನ ಜಗಲಿಗೆ ಬಂದು ಕೂತರು. ದ್ಯಾಮಮ್ಮ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು. ಬೋರಣ್ಣನ ಹೆಗಲ ಕಂಬಳಿಯೊಳಗೆ ಹಿಂದಿನ ದಿನ ಹುಟ್ಟಿದ ಮರಿಯೊಂದಿತ್ತು. ತಾಯಿಗೆ ಕೆಚ್ಚಲು ಬಾವು, ಹಾಲಿಲ್ಲ.

‘ನೀವಾದ್ರೂ ಹೇಳ್ರಿ ಸಾರ್’ ಎಂದ ಬೋರಣ್ಣ. ‘ನಮ್ಮತ್ತಿಗೆ ಮರಿ ಮುಟ್ಟಲ್ಲ ಅಂತಾಳೆ. ಬೆಕ್ಕಿನ ಮರಿ ಸತ್ತೋಯ್ತು ಅಂತ ಕುರಿಮರಿ ಮ್ಯಾಲೆ ಸಿಟ್ಟು.’

‘ಸಿಟ್ಟಲ್ಲ. ನನ್ ಕೈಗುಣ ಹೋಗೈತೆ’ ಎಂದರು ಸಿದ್ದಕ್ಕ.

ಮುರುಗಪ್ಪ ಲೋಟ ಕೆಳಗಿಟ್ಟರು. ‘ಹೆಂಗೆ ಸತ್ತಿದ್ದಮ್ಮ ಅದು?’

ಯಾರೂ ಅಲ್ಲಿಯವರೆಗೆ ಅದನ್ನು ಕೇಳಿರಲಿಲ್ಲ. ಸಿದ್ದಕ್ಕ ಹೇಳಿದರು. ಸೀನು, ಮೂಗಿನ ಹಾಲು, ಗೊರಗೊರ ಸದ್ದು. ಮುರುಗಪ್ಪ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ‘ಹಾಲು ಕುಡಿಸೋವಾಗ ಹೆಂಗೆ ಹಿಡ್ಕಂತಿದ್ದೆ? ತೋರ್ಸು ನೋಡಾಣ’ ಎಂದರು.

ಪಕ್ಕದಲ್ಲಿ ನೂಲಿನ ಉಂಡೆಯಿತ್ತು. ಸಿದ್ದಕ್ಕ ಅದನ್ನು ಎತ್ತಿಕೊಂಡು ಎಡಗೈಯಲ್ಲಿ ನೆಟ್ಟಗೆ ನಿಲ್ಲಿಸಿದರು. ಬಲಗೈಯ ಎರಡು ಬೆರಳು ತಾವಾಗಿ ಹೋಗಿ ಉಂಡೆಯ ಕೆಳಗೆ ಕೂತು, ಇಲ್ಲದ ಗದ್ದವನ್ನು ಮೇಲಕ್ಕೆತ್ತಿದವು.

‘ಅದೇ ತಪ್ಪಾಗಿರೋದು’ ಎಂದರು ಮುರುಗಪ್ಪ.

ದ್ಯಾಮಮ್ಮ ಅವರೆಕಾಯಿ ಬಿಟ್ಟು ತಲೆ ಎತ್ತಿದರು. ‘ಏನ್ ಸಾಮಿ ನೀವು! ಅದರ ಹಣೇಲಿ ಅಷ್ಟೇ ಇತ್ತು ಅನ್ನಬಾರ್ದಾ? ಮೊದ್ಲೇ ನೊಂದೈತೆ ಜೀವ.’

‘ಸುಮ್ಕಿರು ದ್ಯಾಮಮ್ಮ. ಹೇಳ್ಲಿ ಅವ್ರು’ ಎಂದರು ಸಿದ್ದಕ್ಕ.

ಮುರುಗಪ್ಪ ಉಂಡೆಯನ್ನು ತೆಗೆದುಕೊಂಡು ತಮ್ಮ ಅಂಗೈಯಲ್ಲಿ ಕವುಚಿ ಮಲಗಿಸಿದರು. ‘ಕುರಿಮರಿ ನಿಂತ್ಕಂಡು ಮಕ ಎತ್ತಿ ಕುಡೀತದೆ. ಬೆಕ್ಕಿನ ಮರಿ ಹಂಗಲ್ಲ. ತಾಯಿ ಮಗ್ಗುಲಾಗಿ ಮಲಗಿರ್ತದೆ, ಮರಿ ಹೊಟ್ಟೆ ಮ್ಯಾಲೆ ಮಲಗಿ ಮಕ ಮುಂದಕ್ಕೆ ಮಾಡಿ ಕುಡೀತದೆ. ತಲೆ ಎತ್ತಿದ್ರೆ ಹಾಲು ಹೊಟ್ಟೆಗೆ ಹೋಗೋ ಬದ್ಲು ಉಸಿರಿನ ದಾರಿಗೆ ಇಳೀತದೆ. ಬತ್ತಿ ಸಣ್ಣದಿದ್ದಾಗ ತಡ್ಕಂಡೈತೆ. ದಪ್ಪ ಮಾಡಿದ್ ಮ್ಯಾಲೆ ತಡೀಲಿಲ್ಲ. ನಮ್ಮನೇಲಿ ಕಾಳಿನ ಅಂಗಡಿ, ಇಲಿಗೆ ಅಂತ ಹತ್ತಾರು ಬೆಕ್ಕು ಇರ್ತಿದ್ವು. ನಮ್ಮವ್ವ ಇಂಥ ಮರಿ ಎಷ್ಟೋ ಸಾಕ್ಯಾಳೆ. ಅವಳೂ ಮೊದ್ಲು ಎರಡು ಕಳಕಂಡ್ಲು.’

ದ್ಯಾಮಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು.

‘ನೋಡಮ್ಮ’ ಎಂದು ಮುರುಗಪ್ಪನೇ ಮುಂದುವರಿಸಿದರು. ‘ಬಿಸಿ ಇಟ್ಟಿದ್ದು ಸರಿ, ಕುರಿ ಹಾಲು ಸರಿ, ಒರೆಸಿದ್ದು ಸರಿ. ಐದು ದಿನದ ಮರೀನ ಹದಿನೆಂಟು ದಿನ ಮಾಡಿದ್ದು ಸಣ್ಣ ಕೆಲಸ ಅಲ್ಲ. ಹಿಡಿಯೋದೊಂದು ತಪ್ಪು. ನೀನು ಕುರುಬರಾಕಿ, ಕುರಿಮರಿ ಹಿಡ್ದಂಗೆ ಹಿಡ್ದೆ. ಅದಕ್ಕೂ ಕೈಗುಣಕ್ಕೂ ಸಂಬಂಧ ಇಲ್ಲ.’

ಸಿದ್ದಕ್ಕ ಉಂಡೆಯನ್ನು ಇಸಿದುಕೊಂಡು ತಮ್ಮ ಅಂಗೈಯಲ್ಲಿ ಕವುಚಿ ಮಲಗಿಸಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಮುರುಗಪ್ಪ ನಿರೀಕ್ಷಿಸಿರಲಿಲ್ಲ.

‘ನಿಲ್ಲಾಕೇ ಆಗದಿರೋ ಕುರಿಮರಿ? ಕತ್ತು ನಿಲ್ಲದೆ ಜೋತು ಬೀಳ್ತದಲ್ಲ, ಅಂಥದು? ಅದಕ್ಕೂ ಕತ್ತು ಎತ್ತಿದ್ರೆ ಹಿಂಗೇನಾ?’

‘ಅದಕ್ಕೂ ಹಿಂಗೇನೆ. ಕವುಚಿ ಕೂರಿಸಬೇಕು, ಮಕ ನೆಲಕ್ಕೆ ಸಮ ಇರಬೇಕು. ನುಂಗಾಕೆ ಬರದಿದ್ರೆ ಹಾಲು ಬಿಡಲೇಬಾರ್ದು.’

ಆ ಪ್ರಶ್ನೆಗೆ ಹಿನ್ನೆಲೆಯಿತ್ತು. ಸಿದ್ದಕ್ಕನ ಮಡಿಲಿಗೆ ಬಿದ್ದ ಮರಿ ಸಾಯುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಮೂವತ್ತು ವರ್ಷದಲ್ಲಿ ಸತ್ತ ಮರಿಗಳಿದ್ದವು, ಜನ ಅವನ್ನು ಮರೆತಿದ್ದರು. ಅವುಗಳಲ್ಲಿ ಮೂರು ಮರಿಗಳ ಎದೆಯಲ್ಲಿ ಇದೇ ಗೊರಗೊರ ಸದ್ದು ಕೇಳಿದ್ದನ್ನು ಸಿದ್ದಕ್ಕ ಮರೆತಿರಲಿಲ್ಲ. ಥಂಡಿ ಹತ್ತಿತು ಎಂದು ಆಗ ಅಂದುಕೊಂಡಿದ್ದರು.

‘ಆ ಮೂರೂ ನನ್ ಕೈಯಾಗೇ ಹೋಗಿದ್ವು ಅಂತ ಅವತ್ತು ಗೊತ್ತಾಯ್ತು’ ಎಂದು ಅವರು ಈಗ ಹೇಳುವಾಗ ದನಿಯಲ್ಲಿ ಅಳುವಿಲ್ಲ. ‘ಗೊತ್ತಾಗಿದ್ದು ಒಳ್ಳೇದೇ ಆಯ್ತು. ಆಯುಸ್ಸು ಅಷ್ಟೆ ಅಂದವರೆಲ್ಲ ನನ್ ಮ್ಯಾಲಿನ ಪ್ರೀತಿಗೆ ಅಂದ್ರು. ಆದ್ರೆ ಅದ್ರಿಂದ ನಂಗೆ ಏನ್ ಮಾಡಾಕೆ ಬರ್ತಿತ್ತು? ಆ ಸಾಮಿ ತಪ್ಪು ಅಂದ್ರಲ್ಲ, ತಪ್ಪನ್ನ ತಿದ್ಕಬೌದು.’

ಅಂದು ಜಗಲಿಯಿಂದ ಎದ್ದ ಸಿದ್ದಕ್ಕ ನೇರ ಮಗ್ಗದ ಬಳಿಗೆ ಹೋದರು. ಪಾಲಯ್ಯನಿಗೆ ಒಳಗೆ ಎಲ್ಲ ಕೇಳಿಸಿತ್ತು. ಕೇಳಿಸಿಲ್ಲವೆಂಬಂತೆ ಲಾಳಿ ಓಡಿಸುತ್ತಿದ್ದರು.

‘ಹೆಸ್ರಿಟ್ಟಿದ್ದಕ್ಕೆ ಸತ್ತಿಲ್ಲಂತೆ.’

‘ಹೂಂ.’

‘ಏನ್ ಹೂಂ? ಎರಡು ತಿಂಗ್ಳಾಗ್ತಾ ಬಂತು, ನಾನಲ್ಲ ಅಂತ ಒಂದ್ ಮಾತಾಡಿದ್ಯಾ?’

ಪಾಲಯ್ಯ ಅಚ್ಚು ಎಳೆದು ಒಮ್ಮೆ ಬಡಿದರು. ‘ನಾನಲ್ಲ ಅಂದ್ರೆ ನೀನೇ ಅಂತ ಆಗ್ತಿತ್ತು. ನೀನು ಯಾರ್ನಾದ್ರೂ ಬೈಕಬೇಕಿತ್ತು. ನಂಗೇನು, ಹತ್ರದಾಗೇ ಕುಂತಿದ್ನಲ್ಲ.’

ತೊಲೆಯಿಂದ ಇಳಿಬಿದ್ದ ಕಂಬಳಿಯೊಂದು ಸಿದ್ದಕ್ಕನ ತಲೆಗೆ ತಾಗುತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿದರು.

‘ಮುದ್ದೆ ಆರೋಗ್ತದೆ, ಏಳು. ಜೊತೆಗೇ ಉಣ್ಣಾಣ.’

‘ಆ ಕಾಂಪೌಂಡರ್‌ಗೂ ಇಕ್ಕು. ಪಾಪ, ದ್ಯಾಮಮ್ಮನ ಕೈಲಿ ಬೈಸ್ಕಂಡ್ ಕುಂತೈತೆ.’

ಮುರುಗಪ್ಪ ಅಂದು ಅವರ ಮನೆಯಲ್ಲಿ ಉಣ್ಣಲಿಲ್ಲ. ಇನ್ನೆರಡು ಹಿಂಡು ಬಾಕಿಯಿದೆ ಎಂದು ಸೈಕಲ್ ಹತ್ತಿದರು. ದ್ಯಾಮಮ್ಮ ಅವರ ಪೆಟ್ಟಿಗೆಯ ಮೇಲೆ ಒಂದು ಮೊರದಷ್ಟು ಅವರೆಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರು. ‘ಮುಂದಿನ್ ಸಲ ಬಂದಾಗ ಹಿಂಗೆ ದಢಕ್ಕನೆ ಏನೂ ಹೇಳಬ್ಯಾಡ್ರಿ, ಎದೆ ಒಡೀತದೆ’ ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಬೋರಣ್ಣ ಇನ್ನೂ ಜಗಲಿಯಲ್ಲೇ ಇದ್ದ. ಕಂಬಳಿಯೊಳಗಿನ ಮರಿ ಒಮ್ಮೆ ಅರಚಿತು. ಸಿದ್ದಕ್ಕ ಹೊರಗೆ ಬಂದರು. ಕೈ ತೊಳೆದಿರಲಿಲ್ಲ, ಮುದ್ದೆಯ ಹಿಟ್ಟು ಬೆರಳಲ್ಲೇ ಇತ್ತು. ಸೀರೆಗೆ ಒರೆಸಿಕೊಂಡು ಎರಡೂ ಕೈ ಚಾಚಿದರು.

‘ಕೊಡಿಲ್ಲಿ.’

ಆ ಮರಿಗೆ ನಿಲ್ಲುವ ಶಕ್ತಿಯಿರಲಿಲ್ಲ. ಕತ್ತು ಜೋಲುತ್ತಿತ್ತು. ಮೊದಲಿನಂತಾಗಿದ್ದರೆ ಸಿದ್ದಕ್ಕ ಅದನ್ನು ಮಡಿಲಿಗೆ ಎಳೆದುಕೊಂಡು ಗದ್ದ ಎತ್ತುತ್ತಿದ್ದರು. ಈ ಸಲ ಬುಟ್ಟಿಯಿಂದ ದಳವಾಯಿಯ ಕಂಬಳಿ ತುಂಡನ್ನು ತೆಗೆದರು. ಎರಡು ತಿಂಗಳಿಂದ ಅದನ್ನು ಒಗೆದಿರಲಿಲ್ಲ, ಎಸೆದಿರಲೂ ಇಲ್ಲ. ನೆಲದ ಮೇಲೆ ಗೋಣಿ ಹಾಸಿ, ಮರಿಯನ್ನು ಅದರ ಮೇಲೆ ಕವುಚಿ ಕೂರಿಸಿ, ಕಂಬಳಿ ತುಂಡನ್ನು ಮಡಿಸಿ ಗದ್ದದ ಕೆಳಗೆ ಕೊಟ್ಟರು. ಮುಖ ನೆಲಕ್ಕೆ ಸಮವಾಯಿತು. ಆದರೆ ಹಾಗೆ ಕೂತ ಮರಿ ನುಂಗುತ್ತಿದೆಯೋ ಇಲ್ಲವೋ ಎಂದು ಮೇಲಿನಿಂದ ತಿಳಿಯುವುದಿಲ್ಲ. ಸಿದ್ದಕ್ಕ ಮೊಣಕೈ ಊರಿ, ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ, ಮರಿಯ ಗಂಟಲನ್ನೇ ನೋಡುತ್ತ ಸಣ್ಣ ಬತ್ತಿಯನ್ನು ಬಾಯಿಗಿಟ್ಟರು. ಒಂದು ಹನಿ. ಗಂಟಲು ಅಲುಗಿತು. ಇನ್ನೊಂದು ಹನಿ.

ಆ ಮರಿ ಉಳಿಯಿತು. ಅದರ ಮುಂದಿನ ತಿಂಗಳು ದ್ಯಾಮಮ್ಮ ಹೊಳಲ್ಕೆರೆಯ ತಂಗಿಯ ಮನೆಯಿಂದ ಬೆಳೆದ ಹೆಣ್ಣು ಬೆಕ್ಕೊಂದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದರು. ದಾರಿಯುದ್ದಕ್ಕೂ ಅದು ಕೂಗಿ ಕಂಡಕ್ಟರನ ತಲೆ ತಿಂದಿತಂತೆ. ತೊಲೆಯ ಕಂಬಳಿಗಳು ಕೆಳಗಿಳಿದವು.

ಇದೆಲ್ಲ ನಡೆದು ಈಗ ನಾಲ್ಕು ವರ್ಷ. ಓಬಯ್ಯ ಮೊದಲಿನಂತೆ ಊಟದ ವಿಚಾರ ಕೇಳುತ್ತಾನೆ, ಅವನ ಹಿಂಡಿನ ಮರಿಗಳು ಮೊದಲಿನಂತೆ ಬರುತ್ತವೆ. ಕತ್ತು ನಿಲ್ಲದ ಮರಿಗಳೂ ಬರುತ್ತವೆ. ಅವುಗಳಲ್ಲಿ ಉಳಿದವೆಷ್ಟು ಎಂದು ಕೇಳಿದರೆ ಸಿದ್ದಕ್ಕ ಲೆಕ್ಕ ಹೇಳುವುದಿಲ್ಲ. ಹೊಂಗೆ ಮರದ ಕಡೆ ಕೈ ತೋರಿಸುತ್ತಾರೆ. ‘ಅವೆಲ್ಲ ಅದು ಉಳಿಸಿದ ಜೀವ. ಹದಿಮೂರೇ ದಿನ ಇದ್ದು ಹೋದ್ರೂ ಬರೀಗೈಲಿ ಹೋಗ್ಲಿಲ್ಲ ಅದು.’ ಪ್ರತಿ ಸಂಕ್ರಾಂತಿಗೆ, ಕುರಿಗಳಿಗೆ ಅರಿಸಿನ ಹಚ್ಚಿ ಉಳಿದ ನೀರನ್ನು ಆ ಚಪ್ಪಡಿಯ ಮೇಲೆ ಚಿಮುಕಿಸುತ್ತಾರೆ. ಭರಮಸಾಗರದ ಕಡೆಯವರು ಯಾರೇ ಸಿಕ್ಕಲಿ, ಕಾಂಪೌಂಡರ್ ಹೇಗಿದ್ದಾರೆ ಎಂದು ವಿಚಾರಿಸುತ್ತಾರೆ. ಅವರಿಗೆ ವರ್ಗವಾಗಿ ಎರಡು ವರ್ಷವಾಯಿತು.

ಹೆಸರಿಡಬಾರದೆಂಬ ತವರಿನ ಕಟ್ಟಳೆ ಮಾತ್ರ ಅಲ್ಲಿಗೆ ಕೊನೆಯಾಯಿತು. ಅಂದು ನೆಲಕ್ಕೆ ಕೆನ್ನೆ ತಾಗಿಸಿ ಹಾಲು ಕುಡಿಸುತ್ತಿದ್ದಾಗ, ಉಂಡು ಮಗ್ಗದ ಗುಂಡಿಗೆ ಮರಳಿದ್ದ ಪಾಲಯ್ಯ ಅಲ್ಲಿಂದಲೇ ಇಣುಕಿ ನೋಡಿದ್ದರು. ಕೇಳಲೋ ಬೇಡವೋ ಎಂದು ತಡೆದು, ಕೊನೆಗೆ ಕೇಳಿದ್ದರು.

‘ಹೆಸ್ರಿಡ್ಲಾ?’

ಸಿದ್ದಕ್ಕ ಮರಿಯ ಗಂಟಲಿನಿಂದ ಕಣ್ಣು ತೆಗೆಯಲಿಲ್ಲ.

‘ಇಡು. ಕೂಗಬ್ಯಾಡ, ಮೆಲ್ಲಕೆ ಹೇಳು. ಕುಡೀತಾ ಐತೆ.’